ಬೇವಿನ ಕಡ್ಡಿ ಊರಿದ ಜಾಗ

ಕಲ್ಲಮಡುವಿನಲ್ಲಿ ಮಲಪ್ರಭೆಯ ದಂಡೆಗೆ ಹೋಗಿ ಕಂಡಲ್ಲಿ ಉಗುಳಿದವನು ಆ ದಿನ ನೆಮ್ಮದಿಯಿಂದ ಉಂಡದ್ದಿಲ್ಲ. ತಾಯವ್ವನ ಕಣ್ಣಿಗೆ ಬಿದ್ದನೋ, ಮುಗಿಯಿತು ಅವನ ಕತೆ. ಅವನ ಅಪ್ಪ, ಅಜ್ಜ, ಅವನು ಹುಟ್ಟಿದ ಗಳಿಗೆ ಎಲ್ಲವನ್ನೂ ಉಸುಕಿನ ಮೇಲೆ ಎಳೆದು ಹಾಕುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಆದರೆ ಗಂಟಲು ಮಾತ್ರ ಹೊಳೆಯ ಆಚೆ ದಂಡೆಗೆ ಮುಟ್ಟುತ್ತಿತ್ತು. ಊರು ಅದನ್ನು ಸಹಿಸಿಕೊಂಡಿತ್ತು, ಯಾಕೆಂದರೆ ಬೇಸಿಗೆಯ ನೀರು ಆಕೆಯ ಕೈಯಲ್ಲಿತ್ತು.

ನವಿಲುತೀರ್ಥದಲ್ಲಿ ಕಟ್ಟೆ ಎದ್ದ ಮೇಲೆ ಹೊಳೆ ಸಂಕ್ರಾಂತಿಗೇ ಸೊರಗುತ್ತಿತ್ತು. ಆಮೇಲೆ ಮಳೆ ಬೀಳುವ ತನಕ ಊರು ಕುಡಿಯುವುದು ವರ್ತಿಯ ನೀರನ್ನು. ಉಸುಕಿನಲ್ಲಿ ಮೊಣಕಾಲುದ್ದ ಗುಂಡಿ ತೋಡಬೇಕು, ಒಸರಿದ ನೀರನ್ನು ತಂಬಿಗೆಯಿಂದ ಎತ್ತಿ ಕೊಡಕ್ಕೆ ಹಾಕಬೇಕು. ತೋಡಿದಲ್ಲೆಲ್ಲ ನೀರೇನೋ ಬರುತ್ತದೆ, ಆದರೆ ಬಂದ ನೀರೆಲ್ಲ ಬಾಯಿಗೆ ಹತ್ತುವುದಿಲ್ಲ. ಇಲ್ಲಿ ಸಿಹಿ, ನಾಲ್ಕು ಮಾರು ಆಚೆ ಸವಳು. ಸವಳು ನೀರಿನಲ್ಲಿ ಬೇಳೆ ಹಾಕಿ ಎಷ್ಟು ಸೌದೆ ಉರಿಸಿದರೂ ಅದು ಕಲ್ಲಿನ ಹಾಗೆ ಕೂತಿರುತ್ತದೆ. ಸಿಹಿ ಎಲ್ಲಿದೆ ಎಂಬುದನ್ನು ತಾಯವ್ವ ಬರಿಗಾಲಲ್ಲಿ ನಡೆದು, ಒಂದು ಚಿಟಿಕೆ ಒದ್ದೆ ಉಸುಕು ನಾಲಿಗೆಗಿಟ್ಟು ಹೇಳುತ್ತಿದ್ದಳು. ಹೇಳಿದ ಕಡೆ ಒಂದು ಬೇವಿನ ಕಡ್ಡಿ ಊರುತ್ತಿದ್ದಳು. ಅತ್ತೆಯಿಂದ ಕಲಿತ ವಿದ್ಯೆ ಅದು.

ಕಡ್ಡಿ ಊರಿದ ಮೇಲೆ ಅದರ ಸುತ್ತ ಇಪ್ಪತ್ತು ಹೆಜ್ಜೆ ಯಾರೂ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಒಂದು ಬುಟ್ಟಿ ಉಸುಕು ಎತ್ತುವಂತಿಲ್ಲ. ಮನೆ ಕಟ್ಟುವವರು ಉಸುಕು ಬೇಕೆಂದರೆ ಕೆಳಗಿನ ತಿರುವಿಗೆ ಹೋಗಬೇಕು. ಇದನ್ನೆಲ್ಲ ಯಾರೂ ಕಾಗದದಲ್ಲಿ ಬರೆದಿರಲಿಲ್ಲ, ಆದರೂ ಊರು ತಪ್ಪುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನೂ ಊರು ತಪ್ಪುತ್ತಿರಲಿಲ್ಲ. ತಾಯವ್ವ ಕೆಳಗಿನ ಕೇರಿಯವಳು. ಮೇಲಿನ ಓಣಿಯ ವರ್ತಿಗೂ ಕಡ್ಡಿ ಊರುವವಳು ಅವಳೇ. ಆದರೆ ಆ ಗುಂಡಿಯಲ್ಲಿ ನೀರು ಕಂಡದ್ದೇ ತಡ, ಅವಳು ಹತ್ತು ಮಾರು ಹಿಂದೆ ಸರಿದು ನಿಲ್ಲಬೇಕು. ಕಡ್ಡಿಗೆ ಆಕೆಯ ಕೈ ಬೇಕು, ನೀರಿಗೆ ಆಕೆಯ ನೆರಳೂ ಬೇಡ!

ಆ ವರ್ಷದ ಸಂಕ್ರಾಂತಿಗೂ ಊರೆಲ್ಲ ಹೊಳೆಗೆ ಬಂತು. ಎಳ್ಳು ಅರಿಷಿಣ ಅರೆದು ಮೈಗೆ ತಿಕ್ಕಿಕೊಂಡು ಮಿಂದರು, ಗಂಡಸರು ಮಡುವಿನಲ್ಲಿ ಈಸಿದರು, ಹೆಂಗಸರು ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಮೇಲಿನ ಓಣಿಯವರು ಮೇಲೆ ಕೂತು ಉಂಡರು, ಕೇರಿಯವರು ಕೆಳಗೆ ಕೂತು ಉಂಡರು. ಉಂಡಾದ ಮೇಲೆ ಕುಲಕರ್ಣಿ ಪಾಂಡುರಂಗರಾಯರ ಸೊಸೆ ನರ್ಮದಾಬಾಯಿ ಎಂಜಲೆಲೆಗಳನ್ನು ಅಲ್ಲೇ ಬಿಟ್ಟು ಎದ್ದಳು.

"ಬಾಯಾರ!" ಕೆಳಗಿನಿಂದ ತಾಯವ್ವನ ಗಂಟಲು ಬಂತು. "ಆ ಎಲಿ ಯಾರ ಎತ್ತತಾರ್ರಿ? ಹೊಳಿ ಏನ ನಿಮ್ಮ ಮನಿ ಹಿತ್ತಲೇನು?"

"ಎತ್ತತೀವಿ, ಬಾಯಿ ಮಾಡಬ್ಯಾಡ. ಹಬ್ಬದ ದಿನಾನೂ ಬಿಡೂದಿಲ್ಲ ನೋಡು ಈಕಿ," ಎಂದು ನರ್ಮದಾಬಾಯಿ ಗೊಣಗುತ್ತ ಬಗ್ಗಿ ಎಲೆ ಎತ್ತಿದಳು. ಕುಲಕರ್ಣಿಯವರ ಸೊಸೆಯ ಬೆನ್ನನ್ನು ಬಗ್ಗಿಸುವ ಮಾತು ಕೇರಿಯಲ್ಲಿ ಒಬ್ಬಳದೇ. ತಾಯವ್ವನಿಗೆ ಅದು ಗೊತ್ತಿತ್ತು, ಅದರ ಖುಷಿಯೂ ಇತ್ತು.

ಆ ಖುಷಿಯನ್ನು ಕಂಡರೆ ಮಗ ಸೋಮಪ್ಪನಿಗೆ ಮೈಯೆಲ್ಲ ಉರಿ. ಸಣ್ಣವನಿದ್ದಾಗ ಅವ್ವನ ಹಿಂದೆ ಬೇವಿನ ಕಡ್ಡಿಯ ಕಟ್ಟು ಹೊತ್ತು ಉಸುಕಿನಲ್ಲಿ ಓಡಾಡಿದವನೇ ಅವನು. ಈಗ ಇಪ್ಪತ್ತೈದರ ಗಂಡಸು. ಅಪ್ಪ ಸತ್ಯಪ್ಪ ನವಿಲುತೀರ್ಥದ ಕಟ್ಟೆಯ ಕೆಲಸದಲ್ಲಿ ಕಲ್ಲು ಬಿದ್ದು ಕಾಲು ಮುರಿದುಕೊಂಡು ಬಂದವನು, ಬರುವಾಗ ಅಲ್ಲಿನ ಗೆಳೆಯರು ಕೊಟ್ಟ ಬುದ್ಧನ ಪಟವನ್ನೂ ತಂದು ಗೋಡೆಗೆ ಹಾಕಿದ್ದ. ಅಂದಿನಿಂದ ಮನೆಯಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ.

"ನಾವು ಬೌದ್ಧರಾದ್ವಿ ಅಂತೀರಿ," ಎಂದ ಸೋಮಪ್ಪ ಆ ಸಂಜೆ ರೊಟ್ಟಿ ಮುರಿಯುತ್ತ. "ಗ್ವಾಡಿ ಮ್ಯಾಲ ಪಟಾ ಹಾಕೀರಿ. ಇಕಿ ನೋಡಿದ್ರ ಮುಂಜಾನೆದ್ದು ಅವರಿಗೆ ನೀರ ತೋರ್ಸಾಕ ಓಡತಾಳ. ಅವರ ವರ್ತ್ಯಾಗ ನಿನ್ನ ಕೈ ಅದ್ದಾಕ ಬಿಡ್ತಾರೇನ ಬೇ?"

"ನಾ ಅವರಿಗೆ ಮಾಡಂಗಿಲ್ಲೋ ಭಾಡ್ಯಾ. ಹೊಳಿಗೆ ಮಾಡತೇನಿ."

"ಹೊಳಿ ಬಂದು ರೊಟ್ಟಿ ಬಡದು ಹಾಕತೈತೇನು?"

"ನಿಮ್ಮ ಮಾತಿನ್ಯಾಗ ಪಲ್ಯ ಆರಾಕತ್ತೈತಿ," ಎಂದಳು ಸೊಸೆ ಸಾವಂತ್ರೆವ್ವ ಹಂಚಿನ ಮುಂದಿನಿಂದ. ಯರಗಟ್ಟಿಯ ಹುಡುಗಿ, ಬೋರಿಂಗಿನ ನೀರು ಕುಡಿದು ಬೆಳೆದವಳು. ದಿನಕ್ಕೆ ಆರು ಕೊಡ ಹೊತ್ತು ಕತ್ತು ನೋಯುತ್ತಿದ್ದರೆ ಹೊಳೆಯ ಮೇಲೆ ಅವಳಿಗೆ ಯಾವ ಪ್ರೀತಿ ಬರಬೇಕು?

ಅದಾಗಿ ಹತ್ತು ದಿನಕ್ಕೆ ಊರಿಗೆ ಲಾರಿ ಬಂತು. ಕೆನಾಲಿಗೆ ಸಿಮೆಂಟು ಹಾಕುವ ಕೆಲಸ ನಡೆದಿತ್ತು, ಅದಕ್ಕೆ ಉಸುಕು ಬೇಕಿತ್ತು. ಉಳವಪ್ಪನೆಂಬ ಮುಕಾದಮ ಕೇರಿಗೆ ಬಂದು ಆಳು ಕೇಳಿದ. ಸೋಮಪ್ಪ ಅವತ್ತೇ ಸಲಿಕೆ ಹಿಡಿದು ಹೋದ. ಮೊದಲ ಮೂರು ವಾರ ಲಾರಿ ಕೆಳಗಿನ ತಿರುವಿನಲ್ಲಿ ತುಂಬಿಕೊಂಡಿತು. ತಾಯವ್ವ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಶಿವರಾತ್ರಿ ಕಳೆದ ಮರುವಾರ ಒಂದು ಮುಂಜಾನೆ ಕೊಡ ಹಿಡಿದು ಹೊಳೆಗಿಳಿದ ಹೆಂಗಸರು ಬಾಯಿಬಾಯಿ ಬಡಿದುಕೊಂಡು ತಿರುಗಿ ಬಂದರು. ವರ್ತಿಯೇ ಇರಲಿಲ್ಲ! ಕಡ್ಡಿ ಊರಿದ ಜಾಗದಲ್ಲಿ ಆಳೆತ್ತರದ ಹೊಂಡ, ತಳದಲ್ಲಿ ಕರಿ ರಾಡಿ, ರಾಡಿಯಲ್ಲಿ ಲಾರಿಯ ಚಕ್ರದ ಗುರುತು. ತಾಯವ್ವ ಓಡಿದಳು. ಲಾರಿ ಅಷ್ಟೊತ್ತಿಗೆ ಎರಡನೆಯ ಕಡ್ಡಿಯ ಹತ್ತಿರ ನಿಂತಿತ್ತು.

"ಯಾರಲೇ ನಿಮಗ ಇಲ್ಲಿ ತುಂಬು ಅಂದವ್ರು? ಕಡ್ಡಿ ಕಾಣಂಗಿಲ್ಲೇನು? ಕಣ್ಣಾಗ ಉಸುಕ ಬಿದ್ದೈತೇನು?"

ಉಳವಪ್ಪ ಬೀಡಿ ಬಾಯಿಂದ ತೆಗೆದು ನಕ್ಕ. "ಕಡ್ಡಿ ನೋಡೇ ಬಂದೇವಿ ಯವ್ವಾ. ಕೆನಾಲಿನ ಸಾಹೇಬ ಮಣ್ಣ ಕೂಡಿದ ಉಸುಕ ತಗೊಳ್ಳಂಗಿಲ್ಲ, ಕೆಳಗಿನ ತಿರುವಿಂದೆಲ್ಲ ಮಣ್ಣ ಉಸುಕ. ಬೇವಿನ ಕಡ್ಡಿ ಎಲ್ಲಿ ಐತಿ ಅಲ್ಲಿ ದಪ್ಪ ಉಸುಕು, ಹಿಡಿ ಮಣ್ಣ ಇರಂಗಿಲ್ಲ ಅಂತ ನಿಮ್ಮ ಸೋಮಪ್ಪನ ಹೇಳಿದ. ಖರೇನ ಐತಿ ನೋಡು, ಒಂದ ಲೋಡೂ ತಿರುಗಿ ಬಂದಿಲ್ಲ."

ಸೋಮಪ್ಪ ಲಾರಿಯ ಆ ಬದಿಯಲ್ಲಿ ಬೆನ್ನು ತಿರುಗಿಸಿ ಉಸುಕು ಎಸೆಯುತ್ತಿದ್ದ. ಊರು ಕಾಯಲೆಂದು ಊರಿದ ಕಡ್ಡಿಯನ್ನು ಹೊಟ್ಟೆಯ ಮಗನೇ ಲಾರಿಗೆ ದಾರಿ ತೋರಿಸುವ ಗುರುತು ಮಾಡಿದ್ದ. ಬೇರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಅವಳ ಜೊತೆ ತಿರುಗಿದವನಿಗೆ ಮಾತ್ರ ಗೊತ್ತಿದ್ದ ಸಂಗತಿ ಅದು.

ಮಧ್ಯಾಹ್ನ ಅವನು ಉಣ್ಣಲು ಬಂದಾಗ ಅವಳು ರೊಟ್ಟಿಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇಲ್ಲಿ ನಿನಗ ರೊಟ್ಟಿ ಇಲ್ಲ. ಲಾರಿ ನೆಕ್ಕಹೋಗು."

"ದುಡದ ತಂದ ಜ್ವಾಳ ನಂದು."

"ಹಿಟ್ಟ ನಾದಿದ ನೀರ ನಂದೋ! ಹಿಟ್ಟ ಏನ ಉಗುಳಲೆ ಕಲಸತಾರೇನು?"

"ಏಯ್, ಕೊಡಾಕ ಹೇಳ್ರಿ ಅಪ್ಪಾ," ಎಂದು ಸೋಮಪ್ಪ ಸತ್ಯಪ್ಪನ ಕಡೆ ತಿರುಗಿದ.

ಸತ್ಯಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. "ನಾ ಆ ಕಟ್ಟಿಗೆ ಎಂಟ ವರ್ಷ ಕಲ್ಲ ಹೊತ್ತೆ. ಹೊಳಿ ಬತ್ತಿಸೂದರಾಗ ನಂದೂ ಪಾಲೈತಿ. ನೀ ಉಸುಕ ಹೊರು, ಉಳದದ್ದೂ ಮುಗಿಸು. ಅಪ್ಪನ ಹೆಸರ ತಗದಿ ಅಂತಾರ."

"ಕೇರ್ಯಾಗ ಯಾರಿಗೆ ಹೊಲ ಐತಿ? ಕೆನಾಲ ಅವರಿಗೆ, ವರ್ತಿ ಅವರಿಗೆ. ನಮಗ ಸಲಿಕಿ ಒಂದ. ಅದನ್ನೂ ಬಿಡು ಅಂತೀರಿ," ಎಂದು ಸೋಮಪ್ಪ ಉಣ್ಣದೆ ಹೋದ. ಸಾವಂತ್ರೆವ್ವ ಅತ್ತೆಯ ಮಡಿಲಿನಿಂದ ಬುಟ್ಟಿ ಕಿತ್ತುಕೊಂಡು, ನಾಲ್ಕು ರೊಟ್ಟಿ ಅರಿವೆಯಲ್ಲಿ ಕಟ್ಟಿ ಗಂಡನ ಹಿಂದೆ ಓಡಿದಳು. ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ.

ತಾಯವ್ವ ಪಾಂಡುರಂಗರಾಯರ ಅಂಗಳದ ಹೊರಗೆ ನಿಂತು ದೂರು ಹೇಳಿದಳು. ರಾಯರು ತೂಗುಮಂಚದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. "ಸರಕಾರದ ಕೆಲಸ ಅದ ತಾಯವ್ವ. ಕೆನಾಲ ಬಂದರ ಊರ ಹೊಲಕ್ಕ ನೀರ ಬರ್ತದ. ನಾಕ ಬುಟ್ಟಿ ಉಸುಕಿಗೆ ಯಾಕ ಇಷ್ಟ ಹೊಯ್ಕೋತಿ? ಇನ್ನೊಂದ ಕಡೆ ಕಡ್ಡಿ ಊರು." ಊರ ಹೊಲ ಅಂದರೆ ಯಾರ ಹೊಲ ಎಂದು ಕೇಳುವಷ್ಟು ಸಿಟ್ಟು ಬಂತು. ಕೇಳಲಿಲ್ಲ. ಇನ್ನೊಂದು ಕಡೆ ಊರಿದಳು. ಎರಡು ದಿನಕ್ಕೆ ಲಾರಿ ಅಲ್ಲಿಗೂ ಬಂತು.

ಆಗ ತಾಯವ್ವ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಯುಗಾದಿಗೆ ಮೂರು ದಿನ ಇರುವಾಗ ಹೊಳೆಗೆ ಹೋಗಿ ಏಳು ಕಡ್ಡಿ ಊರಿದಳು, ಏಳೂ ಸುಳ್ಳು. ಮೇಲೆ ನಾಲ್ಕು ಬೆರಳು ದಪ್ಪ ಉಸುಕು, ಕೆಳಗೆಲ್ಲ ಎರೆಮಣ್ಣು, ಸವಳು. ಸಿಹಿ ಇದ್ದದ್ದು ಇನ್ನು ಒಂದೇ ಕಡೆ, ಲೆಕ್ಕಿಗಿಡಗಳ ಮರೆಯಲ್ಲಿ. ಅಲ್ಲಿ ಕಡ್ಡಿ ಊರಲಿಲ್ಲ. ಸಣ್ಣ ಗುಂಡಿ ತೋಡಿ, ಮುಂಜಾನೆ ಎಲ್ಲರಿಗಿಂತ ಮೊದಲು ಮನೆಗೆ ಮೂರು ಕೊಡ ತಂದು, ಮೇಲೊಂದು ಹಳೆ ಬುಟ್ಟಿ ಬೋರಲು ಹಾಕಿ ಉಸುಕು ಎಳೆದು ಬರುತ್ತಿದ್ದಳು. ಲಾರಿಯವರು ಎರಡು ದಿನ ಬೈಸಿಕೊಂಡರೆ ಊರು ಬಿಟ್ಟು ಹೋಗುತ್ತಾರೆ, ಆಮೇಲೆ ಹೆಂಗಸರಿಗೆ ಹೇಳಿದರಾಯಿತು ಎಂದುಕೊಂಡಳು. ಈಗಲೇ ಹೇಳಿದರೆ ನಲವತ್ತು ಕೊಡ ಅಲ್ಲಿಗೆ ನಡೆದಾವು, ದಾರಿ ಬಿದ್ದೀತು, ಸೋಮಪ್ಪನಿಗೆ ಅಷ್ಟೇ ಸಾಕು.

ಅವಳ ಎಣಿಕೆ ಅರ್ಧ ನಿಜವಾಯಿತು. ಆರು ಲೋಡು ಉಸುಕನ್ನು ಸಾಹೇಬ ಮಣ್ಣೆಂದು ತಿರುಗಿಸಿ ಕಳಿಸಿದ. ಉಳವಪ್ಪ ಎಲ್ಲರೆದುರು ಸೋಮಪ್ಪನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿ ಕೆಲಸ ಬಿಡಿಸಿದ. ಸೋಮಪ್ಪ ಮನೆಗೆ ಬಂದು ಅವ್ವನ ಮುಖವನ್ನೇ ನೋಡಿದ.

"ನೀ ಹಂಗ ಮಾಡಂಗಿಲ್ಲ ಅಂತ ತಿಳದಿದ್ದೆ," ಎಂದ. "ನಾ ಕಳ್ಳ ಆಗಬಹುದು. ನಿನ್ನ ಕಡ್ಡಿ ಸುಳ್ಳ ಹೇಳತೈತಿ ಅಂತ ಅನ್ನಕೊಂಡಿದ್ದಿಲ್ಲ."

"ಏನ ಮಾಡೇನಿ ನಾ?" ಎಂದಳು ತಾಯವ್ವ. ಮಗನಿಗೆ ಹೆದರಿ ಸುಳ್ಳಾಡಿದ್ದು ಅದೇ ಮೊದಲು.

ಯುಗಾದಿಯ ದಿನ ಒಂದು ಮನೆ ಬಿಟ್ಟರೆ ಊರಿನಲ್ಲಿ ಎಲ್ಲೂ ಹೂರಣವಾಗಲಿಲ್ಲ. ಮುಂಜಾನೆ ಒಲೆಗೆ ಹಾಕಿದ ಕಡಲೆಬೇಳೆ ಹೊತ್ತು ನೆತ್ತಿಗೇರಿದರೂ ಟಣಟಣ ಅನ್ನುತ್ತಿತ್ತು. ಗಂಡಸರು ಮಿಂದು ಹೊಸ ಅಂಗಿ ಹಾಕಿಕೊಂಡು ಹೋಳಿಗೆಗೆ ಕಾದರು, ಆಮೇಲೆ ಕೂಗಾಡಿದರು. ಅತ್ತೆಯರು ಸೊಸೆಯಂದಿರಿಗೆ ಸೌದೆ ಹಸಿ ಎಂದು ಬೈದರು, ಸೊಸೆಯಂದಿರು ಬೇಳೆ ಹಳೆಯದು ಎಂದು ಅಂಗಡಿಯವನಿಗೆ ಬೈದರು. ತಾಯವ್ವ ಕಡ್ಡಿ ಊರಿದ ಜಾಗದ ನೀರನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ನರ್ಮದಾಬಾಯಿ ಬೇಯದ ಬೇಳೆಯನ್ನೇ ಒರಳಿಗೆ ಹಾಕಿ ಕುಟ್ಟಿ ಕೈ ಬೊಬ್ಬೆ ಎಬ್ಬಿಸಿಕೊಂಡಳು.

ಕೆಳಗಿನ ಕೇರಿಯಲ್ಲಿ ಸಾವಂತ್ರೆವ್ವ ಏನೂ ಅರಿಯದವಳು. ಅವಳ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಬಿಸಿ ಹೋಳಿಗೆ ಮೇಲೆ ಎಣ್ಣೆ ಬಿಟ್ಟು, ಹಬ್ಬದ ದಿನವೆಂದು ಪಕ್ಕದ ಗಂಗಪ್ಪನ ಹೆಂಡತಿಗೆ ನಾಲ್ಕು ಕೊಟ್ಟು ಬಂದಳು.

ಗಂಗಪ್ಪನ ಹೆಂಡತಿ ಹೋಳಿಗೆ ಮುರಿದು ನೋಡಿದಳು, ಮೂಸಿದಳು, ತಿಂದಳು. ತಿಂದಾದ ಮೇಲೆ ಎದ್ದು ಓಣಿಗೆಲ್ಲ ಕೇಳುವಂತೆ ಕೂಗಿದಳು, "ಊರಿಗೆಲ್ಲ ಕಲ್ಲ ಬ್ಯಾಳಿ, ಇವರ ಮನ್ಯಾಗ ಹೋಳಿಗಿ ಹೆಂಗಾತ್ರೇ?"

ಬಿಸಿಲು ಇಳಿಯುವುದರೊಳಗೆ ತಾಯವ್ವನ ಬಾಗಿಲಲ್ಲಿ ಮೂವತ್ತು ಹೆಂಗಸರು. ಮೇಲಿನ ಓಣಿಯವರು ಕೇರಿಯ ಬಾಯಿಯಲ್ಲೇ ನಿಂತರು, ಆದರೆ ಅವರ ಮಾತು ಅಲ್ಲಿಂದಲೇ ಮನೆಯೊಳಗೆ ಬರುತ್ತಿತ್ತು.

"ಎಲ್ಲಿಂದ ತಂದಿ ನೀರ?" ಗಂಗಪ್ಪನ ಹೆಂಡತಿ ಸಾವಂತ್ರೆವ್ವನ ಸೀರೆ ಹಿಡಿದಿದ್ದಳು.

"ನನಗೇನ ಗೊತ್ತ? ಅತ್ತಿ ತಂದಿದ್ದು."

"ತಾಯವ್ವಾ, ಹೊರಗ ಬಾ!" ಎಂದಳು ನರ್ಮದಾಬಾಯಿ. "ನಮಗ ಸವಳ ನೀರಿಗೆ ಕಡ್ಡಿ ಊರಿ, ನೀ ಸಿಹಿ ನೀರ ಕುಡದಿ? ಹಬ್ಬದ ದಿನ ಇಡೀ ಊರ ಉಪವಾಸ ಕೆಡವಿದೆಲ್ಲ!"

ತಾಯವ್ವ ಹೊರಗೆ ಬಂದಳು. "ಸುಳ್ಳ ಊರೇನಿ, ಖರೇ. ಲಾರಿ ಓಡ್ಸಾಕ ಊರೇನಿ. ಇನ್ನೆರಡ ದಿನಕ್ಕ ಹೇಳಾಕಿ ಇದ್ದೆ."

"ಮನಿಗೆ ಮಾತ್ರ ಮೂರ ಕೊಡ!" ಎಂದರು ಯಾರೋ. "ನೀರ ಕಳ್ಳಿ!"

ಯಾರು ಏನೆಂದರೂ ತಿರುಗಿ ಬೈಯುತ್ತಿದ್ದ ಬಾಯಿ ಅವತ್ತು ಒಣಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಲವತ್ತು ವರ್ಷ ಗಳಿಸಿದ್ದು ಒಂದು ಹೋಳಿಗೆಯಲ್ಲಿ ಹೋಯಿತು.

"ಎಲ್ಲೈತಿ ತೋರಸು," ಎಂದು ಎಲ್ಲರೂ ಹಟ ಹಿಡಿದರು. ಗೋಡೆಗೆ ಒರಗಿ ಸೋಮಪ್ಪ ನಿಂತಿದ್ದ. ತೋರಿಸಿದರೆ ನಾಳೆ ಲಾರಿ ಅಲ್ಲಿ. ತೋರಿಸದಿದ್ದರೆ ಇಂದೇ ಅವಳು ಊರಿಗೆ ಕಳ್ಳಿ. ತಾಯವ್ವ ಮಗನನ್ನು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಅವಳು ಹೊಳೆಯ ಕಡೆ ನಡೆದಳು, ಹೆಂಗಸರೆಲ್ಲ ಹಿಂದೆ ನಡೆದರು. ಲೆಕ್ಕಿಗಿಡದ ಮರೆಯಲ್ಲಿ ಬುಟ್ಟಿ ಎತ್ತಿದಳು. ಅಷ್ಟಾದ ಮೇಲೆ ನರ್ಮದಾಬಾಯಿ, "ಸರಿ, ದೂರ ಸರಿ," ಎಂದಳು.

ಮರುದಿನ ಮುಂಜಾನೆ ಹೆಂಗಸರು ಕೊಡ ಹಿಡಿದು ಬರುವಷ್ಟರಲ್ಲಿ ಲಾರಿ ಬಂದು ನಿಂತಿತ್ತು. ಜಾಗ ಹೇಳಿದ್ದಕ್ಕೆ ಉಳವಪ್ಪ ಸೋಮಪ್ಪನನ್ನು ಮತ್ತೆ ಕೆಲಸಕ್ಕೆ ಕರೆದಿದ್ದ. ಆದರೆ ಗುಂಡಿಯ ಅಂಚಿನಲ್ಲಿ ತಾಯವ್ವ ಕೂತಿದ್ದಳು. ಕೂತದ್ದಷ್ಟೇ ಅಲ್ಲ, ಎರಡೂ ಕಾಲು ನೀರಿನಲ್ಲಿ ಇಳಿಬಿಟ್ಟಿದ್ದಳು.

"ಅಯ್ಯ, ಕಾಲ ತಗಿ!" ನರ್ಮದಾಬಾಯಿ ಚೀರಿದಳು. "ಎಲ್ಲಾ ಮೈಲಿಗಿ ಮಾಡಿದಿ!"

"ಈ ಲಾರಿ ಚಕ್ರ ಮಡಿ ಉಟಗೊಂಡ ಬಂದೈತೇನ್ರಿ ಬಾಯಾರ? ಅದು ತುಳದ್ರ ನಡೀತೈತಿ, ನಾ ತುಳದ್ರ ಮೈಲಿಗಿ?" ತಾಯವ್ವನಿಗೆ ಗಂಟಲು ಮರಳಿ ಬಂದಿತ್ತು. "ನಾ ಸುಳ್ಳ ಊರಿದ್ದು ತಪ್ಪು. ಹೊಟ್ಟಿಗೆ ನೀರ ಕದ್ದಿದ್ದು ಇನ್ನೂ ದೊಡ್ಡ ತಪ್ಪು. ಬೈರಿ, ಉಗುಳ್ರಿ. ಆದರ ಊರಿಗೆ ಉಳದ ಸಿಹಿ ನೀರ ಇದೊಂದ. ಈ ನೀರ ಬೇಕಾದವ್ರು ನನ್ನ ಮಗ್ಗಲದಾಗ ಬಂದು ಕೂಡ್ರಬೇಕು. ಲಾರಿ ಹೋಗೂತನ ಏಳಬಾರದು. ನನ್ನ ಮುಟ್ಟಾಕ ಆಗಂಗಿಲ್ಲ ಅನ್ನಾವ್ರು ಮನಿಗೆ ಹೋಗಿ ಕಲ್ಲ ಬ್ಯಾಳಿ ತಿನ್ರಿ."

"ಆ ಮುದುಕಿನ ಎತ್ತಿ ಆ ಕಡೆ ಇಡೋ ಸೋಮ್ಯಾ," ಎಂದ ಉಳವಪ್ಪ.

ಸೋಮಪ್ಪ ಹತ್ತಿರ ಬಂದು ನಿಂತ. ಅವ್ವನ ಕಾಲು, ಕಾಲು ಮುಳುಗಿದ ನೀರು, ಸುತ್ತ ಕೊಡ ಹಿಡಿದು ನಿಂತ ಮೇಲಿನ ಓಣಿಯವರು, ಎಲ್ಲವನ್ನೂ ಒಂದು ಸಲ ನೋಡಿದ.

"ಇದನ್ನ ಹತ್ತ ವರ್ಷದ ಹಿಂದ ಮಾಡಿದ್ರ ನಾ ಸಲಿಕಿ ಹಿಡೀತಿದ್ದಿಲ್ಲ ಬೇ," ಎಂದ.

ಅವ್ವನನ್ನು ಅವನು ಮುಟ್ಟಲಿಲ್ಲ. ಕೊಡ ಕೆಳಗಿಟ್ಟು ಸಾವಂತ್ರೆವ್ವ ಹೋಗಿ ಅತ್ತೆಯ ಬಲಗಡೆ ಕೂತಳು.

"ನೀ ಯಾಕ ಕುಂತಿ? ಏಳು," ಎಂದ ಸೋಮಪ್ಪ.

"ಆರು ಕೊಡ ಹೊರಾಕಿ ನಾ. ನಾ ಏಳಂಗಿಲ್ಲ. ಅತ್ತಿ, ನೀವು ನನಗ ಹೇಳದ ನೀರ ತಂದ್ರಿ, ಅದರ ಜಗಳ ಮನ್ಯಾಗ ಐತಿ," ಎಂದಳು ಇಬ್ಬರಿಗೂ ಸೇರಿಸಿ.

ಗಂಗಪ್ಪನ ಹೆಂಡತಿ ಬೈಯುತ್ತಲೇ ಬಂದು ಕೂತಳು. ಅವಳ ಹಿಂದೆ ಕೇರಿಯ ಇನ್ನೂ ಎಂಟು ಜನ. ಉಳವಪ್ಪ ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆ ಎಂದ, ಕೊನೆಗೆ ಲಾರಿ ತಿರುಗಿಸಲು ಹೇಳಿದ, ನಾಳೆ ಬರುತ್ತೇನೆ ನೋಡಿ ಎಂದ. ಸೋಮಪ್ಪ ಸಲಿಕೆಯನ್ನು ಲಾರಿಯೊಳಗೆ ಎಸೆದು ಹಿಂದಿನಿಂದ ಹತ್ತಿಕೊಂಡ. ಮನೆಗೆ ಎಂದು ಬರುತ್ತೇನೆಂದು ಹೇಳಲಿಲ್ಲ. ಲಾರಿ ಎದುರಿನ ದಂಡೆ ಹತ್ತುವಾಗ ತಾಯವ್ವ ಅದರ ಮೇಲಿಂದ ಕಣ್ಣು ಕೀಳಲಿಲ್ಲ, ಆದರೆ ಏಳಲೂ ಇಲ್ಲ. ಲಾರಿ ದಂಡೆಯ ಮೇಲೆ ಹೋಗಿ ನಿಂತಿತು. ಉಳವಪ್ಪ ಅಲ್ಲಿಂದಲೇ ಇವರನ್ನು ನೋಡುತ್ತ ಬೀಡಿ ಹಚ್ಚಿದ.

ಮೇಲಿನ ಓಣಿಯ ಐದು ಜನ ಆವರೆಗೂ ನಿಂತೇ ಇದ್ದರು. ಬಿಸಿಲು ಏರುತ್ತಿತ್ತು, ಮನೆಯಲ್ಲಿ ಕುಡಿಯಲು ತಂಬಿಗೆ ನೀರಿರಲಿಲ್ಲ. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಕಡೆಗೆ ನರ್ಮದಾಬಾಯಿ ಕೊಡ ಇಳಿಸಿ, ಸೀರೆಯ ನಿರಿಗೆ ಎತ್ತಿ ಹಿಡಿದು, ತಾಯವ್ವನ ಎಡಗಡೆ ಎರಡು ಮಾರು ಬಿಟ್ಟು ಉಸುಕಿನ ಮೇಲೆ ಕೂತಳು.

ತಾಯವ್ವ ನಡುವಿನ ಜಾಗವನ್ನು ಕಣ್ಣಿನಲ್ಲೇ ಅಳೆದಳು.

"ಇನ್ನೂ ಹಂತ್ಯಾಕ ಬರ್ರಿ ಬಾಯಾರ," ಎಂದಳು. "ಇಷ್ಟ ಸಂದಿನ್ಯಾಗ ಲಾರಿ ಹಾದು ಹೋಗತೈತಿ."

ನರ್ಮದಾಬಾಯಿ ಮುಖ ಸಿಂಡರಿಸಿಕೊಂಡೇ ಸರಿದು ಬಂದು ಕೂತಳು.